ಒಂಟಿ ಮೈ

ಹಿಟ್ಟಿನ ಗಿರಣಿಯ ರಾಚಯ್ಯನ ದವಡೆ ಹಲ್ಲು ಹುಳುಕಾಗಿ ಬಹಳ ಕಾಲವಾಗಿತ್ತು. ಅವನು ಅದನ್ನು ಕೀಳಿಸಿಕೊಳ್ಳುತ್ತಿರಲಿಲ್ಲ. ಹಲ್ಲು ಅವನದಾದರೂ ನೋವು ನನ್ನದಾಗಿದ್ದರಿಂದ ಅವನಿಗೆ ಅಂಥ ಅವಸರವೇನೂ ಇರಲಿಲ್ಲ. ಅವನು ಗಿರಣಿಯ ಕಟ್ಟೆಯ ಮೇಲೆ ಕೂತು ಹುರಿಗಡಲೆ ಅಗಿಯತೊಡಗಿದರೆ, ಇತ್ತ ನಮ್ಮ ಮನೆಯ ಮಗ್ಗದ ಗುಂಡಿಯಲ್ಲಿ ಕಂಬಳಿ ನೇಯುತ್ತಿದ್ದ ನಾನು ಲಾಳಿ ಬಿಟ್ಟು ಕೆನ್ನೆ ಹಿಡಿದುಕೊಳ್ಳುತ್ತಿದ್ದೆ.

"ಕೀಳಿಸ್ಕೊಳ್ಳಪ್ಪ ರಾಚಯ್ಯ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ನಾನು ಹೋಗಿ ಕೇಳಿದರೆ, "ಹಲ್ಲು ನಂದೋ ನಿಂದೋ?" ಅನ್ನುತ್ತಿದ್ದ.

"ಹಲ್ಲು ನಿಂದೇ. ಬಾಡಿಗೆ ನಾನು ಕಟ್ತಿದೀನಲ್ಲ."

"ಹಂಗಾದ್ರೆ ಇನ್ನೊಂದು ನಾಲ್ಕು ದಿನ ಕಟ್ಟು, ಓಬಣ್ಣ. ಹಬ್ಬ ಕಳೀಲಿ."

ನಮ್ಮೂರಲ್ಲಿ ಗಾಯ ಒಬ್ಬರದು, ನೋವು ಇನ್ನೊಬ್ಬರದು. ಯಾರ ನೋವು ಯಾರ ಮೈಗೆ ಹೋಗುತ್ತದೆ ಎನ್ನುವುದು ಮಗು ಹುಟ್ಟಿದ ಸ್ವಲ್ಪ ದಿನದಲ್ಲೇ ತಿಳಿದುಬಿಡುತ್ತದೆ. ಆಮೇಲೆ ಅದಕ್ಕೆ ತಕ್ಕ ಹಾಗೆ ಬದುಕಿಕೊಳ್ಳುತ್ತೇವೆ. ಕುರು ಒಡೆಸಿಕೊಳ್ಳುವವರು ಮೊದಲು ತಮ್ಮ ನೋವು ಹೊರುವವರ ಮನೆಗೆ ಒಂದು ಅಚ್ಚು ಬೆಲ್ಲ ಕಳಿಸಿ, ಇಂಥ ಹೊತ್ತಿಗೆ ಅಂತ ಹೇಳಿಸುತ್ತಾರೆ. ಅವರು ಆ ಹೊತ್ತಿಗೆ ಒಲೆ ಮುಂದೆ ಇರದ ಹಾಗೆ, ಬಾವಿಯ ಹತ್ತಿರ ಹೋಗದ ಹಾಗೆ ನೋಡಿಕೊಳ್ಳುತ್ತಾರೆ. ಹೆರಿಗೆಯ ಮನೆಯಲ್ಲಿ ಸೂಲಗಿತ್ತಿ ಎರಡು ಚಾಪೆ ಹಾಸಿಸುತ್ತಾಳೆ. ಒಂದು ಹೆರುವವಳಿಗೆ, ಒಂದು ಹೊರುವವಳಿಗೆ. ಹೊರುವವನು ಗಂಡಸಾಗಿದ್ದರೆ ಅವನಿಗೆ ಹೊರಗಿನ ಜಗಲಿ. ಅವನು ಕಂಬ ತಬ್ಬಿಕೊಂಡು ಅರಚುವುದು, ಒಳಗೆ ಹೆರುವವಳು ಎಲೆ ಅಡಿಕೆ ಮೆಲ್ಲುತ್ತಾ "ಇನ್ನೂ ಎಷ್ಟು ಹೊತ್ತಂತೆ, ಕೇಳ್ರೇ ಅವರನ್ನ" ಅನ್ನುವುದು ನಮಗೆ ಹೊಸದಲ್ಲ. ಸೂಲಗಿತ್ತಿ ಹೆರುವವಳ ಮುಖ ನೋಡುವುದಿಲ್ಲ. ಹೊರುವವರ ಕೂಗು ಕೇಳಿಯೇ ಮಗು ಎಲ್ಲಿದೆ, ಹೇಗಿದೆ ಎಂದು ತಿಳಿದು ಕೈ ಹಾಕುತ್ತಾಳೆ.

ಸಾಮಾನ್ಯವಾಗಿ ನೋವು ಸಂಬಂಧ ನೋಡಿ ಹೋಗುವುದಿಲ್ಲ. ನನ್ನದು ಕುಂಬಾರರ ಬೀದಿಯ ಸಾಕಮ್ಮನಿಗೆ ಹೋಗುತ್ತದೆ. ಆಕೆಗೂ ನಮಗೂ ಕೊಡುಕೊಳ್ಳುವುದು ಯಾವುದೂ ಇಲ್ಲ, ಬೈಗುಳ ಬಿಟ್ಟರೆ. ಆದರೆ ನಮ್ಮ ಮಗಳು ದುರುಗಿಯ ನೋವು ಅವಳ ತಾಯಿಗೇ ಬಂತು. ಕೂಸಿನ ಕಿವಿ ಚುಚ್ಚಿಸಿದ ದಿನ ನನ್ನ ಹೆಂಡತಿ ಪಾಲಮ್ಮ ತನ್ನ ಕಿವಿಯನ್ನು ಮುಟ್ಟಿಕೊಂಡು, ಅತ್ತಳೋ ನಕ್ಕಳೋ ಎಂದು ಹೇಳಲಾಗದ ಮುಖ ಮಾಡಿದ್ದಳು. "ಒಳ್ಳೇದೇ ಆಯ್ತು ಬಿಡ್ರಿ. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಕೇಳೋದು ತಪ್ತು," ಅಂದಳು.

ದುರುಗಿ ಹೊತ್ತದ್ದು ನಮ್ಮ ಬೀದಿಯ ತುದಿಯ ಗಾದ್ರಪ್ಪನ ನೋವನ್ನು. ಆಗ ಗಾದ್ರಪ್ಪನದು ಕಲ್ಲು ಒಡೆಯುವ ಕೆಲಸ. ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದ ಕೂಸು ಇದ್ದಕ್ಕಿದ್ದ ಹಾಗೆ ಕಿಟಾರನೆ ಕಿರುಚಿಕೊಳ್ಳುವುದು. ನೋಡಿದರೆ ಹೊಟ್ಟೆ ತುಂಬಿದೆ, ಪಾಲಮ್ಮನ ಮೈಗೂ ಏನೂ ಆಗಿಲ್ಲ. ಅಂದರೆ ಕೂಸಿಗೆ ಗಾಯವಿಲ್ಲ, ಬೇರೆ ಯಾರದ್ದೋ ನೋವಿಗೆ ಅಳುತ್ತಿದೆ. ಯಾರದ್ದು ಎಂದು ಬೀದಿಯಲ್ಲಿ ವಿಚಾರಿಸಿದಾಗ ಗಾದ್ರಪ್ಪನ ಹೆಬ್ಬೆರಳಿನ ಉಗುರು ಸುತ್ತಿಗೆ ಬಿದ್ದು ಕಪ್ಪಾಗಿತ್ತು. ಅವನು ಬಂದು ತೊಟ್ಟಿಲ ಪಕ್ಕ ಸ್ವಲ್ಪ ಹೊತ್ತು ನಿಂತ. ಮಾರನೆಯ ದಿನ ಸುತ್ತಿಗೆ, ಉಳಿ ಎಲ್ಲವನ್ನೂ ತಮ್ಮನಿಗೆ ಕೊಟ್ಟು, ಕತ್ತಾಳೆ ನಾರಿನ ಹಗ್ಗ ಹೊಸೆಯಲು ಕೂತ. ಹೆಂಡತಿ ಬೈದಳು, ತಮ್ಮ ನಕ್ಕ. ಅವನು ಮತ್ತೆ ಕಲ್ಲು ಮುಟ್ಟಲಿಲ್ಲ.

ದುರುಗಿ ನಡೆಯುವಂತಾದ ಮೇಲೆ ಅವನ ಮನೆಗೆ ಓಡಿಹೋಗಿ, "ತಾತಾ, ಎಡಗಾಲಿಗೆ ಮುಳ್ಳು ಚುಚ್ಚಿಸ್ಕೊಂಡಿದೀಯ, ತೆಗಿ," ಅನ್ನುತ್ತಿದ್ದಳು. ಅವನಿಗೆ ಗೊತ್ತೇ ಆಗಿರುತ್ತಿರಲಿಲ್ಲ. ಕಾಲು ಚಾಚಿ ಕೂರುತ್ತಿದ್ದ. ಅವಳೇ ಪಿನ್ನು ಹಿಡಿದು ಹುಡುಕಿ ತೆಗೆಯುತ್ತಿದ್ದಳು. ತೆಗೆಯುವಾಗ ತಾನೇ ಮುಖ ಕಿವಿಚುತ್ತಿದ್ದಳು. ಅವನು ನಗುತ್ತಿದ್ದ.

ದುರುಗಿಯನ್ನು ರಸ್ತೆ ಕೆಲಸದ ಗುಂಪಿನ ಹುಡುಗನಿಗೆ ಕೊಟ್ಟೆವು. ನಮ್ಮೂರಿಗೆ ಟಾರು ಹಾಕಲು ಬಂದಿದ್ದವನು. ಒಳ್ಳೆಯ ಹುಡುಗ. ಅವಳೇ ಮೆಚ್ಚಿದ್ದಳು, ನಾವೂ ಒಪ್ಪಿದೆವು. ನಮ್ಮೂರಿನವರು ಹೊರಗೆ ಹೆಣ್ಣು ಕೊಟ್ಟದ್ದು ಅದೇ ಮೊದಲು. ರಸ್ತೆ ಮುಗಿದ ಮೇಲೆ ಗುಂಪು ಹೊರಟಿತು, ಅವಳೂ ಹೊರಟಳು. ಅವರಿಗೆ ಮನೆ ಅಂತ ಇಲ್ಲ, ರಸ್ತೆ ಎಲ್ಲಿಗೆ ಬಂದಿರುತ್ತದೋ ಅಲ್ಲೇ ಗುಡಾರ. ಮೊದಮೊದಲು ಕಾಗದ ಬರುತ್ತಿತ್ತು. ಆಮೇಲೆ ನಿಂತಿತು. ನಮಗೆ ಅಂಥ ಚಿಂತೆಯಾಗಲಿಲ್ಲ. ಅವಳ ಸುದ್ದಿ ಪಾಲಮ್ಮನ ಮೈಗೆ ಬರುತ್ತಿತ್ತು. "ಇವತ್ತು ಜಲ್ಲಿ ಹೊತ್ತಿದಾಳೆ, ಕತ್ತು ನೋಯ್ತೈತೆ." "ಒಲೆ ಹಚ್ಚೋವಾಗ ಬೆರಳು ಸುಟ್ಕೊಂಡ್ಳು, ಮೊದ್ಲಿಂದ್ಲೂ ಹಂಗೇ ಅವ್ಳು." ಒಂದು ದಿನ ಬೆಳಿಗ್ಗೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಸೊಂಟ ಹಿಡಿದುಕೊಂಡಳು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಕೊನೆಗೊಮ್ಮೆ ಪಾಲಮ್ಮ ದೊಡ್ಡದಾಗಿ ಉಸಿರುಬಿಟ್ಟು, "ಆಯ್ತು," ಅಂದಳು. ಸಕ್ಕರೆ ಹಂಚಿದೆವು. ಗಂಡೋ ಹೆಣ್ಣೋ ಎಂದು ಕೇಳಿದವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಗಾದ್ರಪ್ಪ ಎರಡು ಸಲ ಸಕ್ಕರೆ ಇಸಿದುಕೊಂಡು, "ಒಂದು ಗಂಡಿಗೆ, ಒಂದು ಹೆಣ್ಣಿಗೆ. ಯಾವುದಾದ್ರೂ ಇರ್ಲಿ," ಅಂದ.

ಇಂದುಮತಿ ಮೇಡಂ ನಮ್ಮೂರಿಗೆ ಬಂದದ್ದು ಆಮೇಲೆ. ದೊಡ್ಡ ಊರಿನ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿಸುವವರು. ನಡುವಯಸ್ಸು, ದಪ್ಪ ಕನ್ನಡಕ, ಮೆಲ್ಲಗೆ ಮಾತು. ನಮ್ಮ ಉಣ್ಣೆ ತುಂಬುವ ಕೋಣೆಯನ್ನೇ ಗುಡಿಸಿ ಕೊಟ್ಟೆವು. ಅವರು ಊರನ್ನೆಲ್ಲ ಸುತ್ತಿ, ಕೊನೆಗೆ ಪಾಲಮ್ಮನ ಮುಂದೆ ಬಂದು ಕೂತರು. ಊರಿನವರಿಗೆ ಇದು ಸರಿಬರಲಿಲ್ಲ.

"ನಾವಿಷ್ಟು ಜನ ಇದೀವಿ, ಅವಳೊಬ್ಬಳನ್ನೇ ಯಾಕೆ ಹಿಡ್ಕೊಂಡ್ರಿ? ನನ್ನ ಹಲ್ಲಿಂದೇ ಒಂದು ಪುಸ್ತಕ ಆಗ್ತೈತೆ," ಎಂದ ರಾಚಯ್ಯ.

"ಸಾವಿರ ಜನಕ್ಕೆ ಹತ್ತು ಪ್ರಶ್ನೆ ಕೇಳುವವರು ಬೇರೆ ಇದ್ದಾರೆ," ಎಂದರು ಮೇಡಂ. "ನಾನು ಒಬ್ಬರ ಹತ್ತಿರವೇ ಕೂತು, ಅವರ ಬದುಕನ್ನೆಲ್ಲ ಕೇಳಿ ಬರೆಯುವವಳು. ಕೇಸ್ ಸ್ಟಡಿ ಅಂತಾರೆ. ನೋವು ಹೊತ್ತ ಮೈ ಇಲ್ಲಿ, ಗಾಯ ಅಷ್ಟು ದೂರ. ಇಂಥದ್ದು ಈ ಊರಲ್ಲಿ ಪಾಲಮ್ಮ ಒಬ್ಬರದೇ."

ಪುಸ್ತಕದಲ್ಲಿ ಹೆಸರು ಬದಲಾಯಿಸುತ್ತೇನೆ, ಯಾವ ಹೆಸರು ಇಡಲಿ ಎಂದು ಅವರು ಕೇಳಿದಾಗ ಪಾಲಮ್ಮ ಯೋಚನೆ ಮಾಡಿ, "ನಮ್ಮತ್ತೆ ಹೆಸರಿಡ್ರಿ. ಆಯಮ್ಮ ಜೀವಮಾನದಾಗೆ ಒಂದು ನೋವು ಅಂದೋಳಲ್ಲ. ಪುಸ್ತಕದಾಗಾದ್ರೂ ಅನುಭವಿಸ್ಲಿ," ಅಂದಳು. ನಾನು ಮಗ್ಗದ ಗುಂಡಿಯಿಂದ ತಲೆ ಎತ್ತಿ ನೋಡಿದೆ. ಇಬ್ಬರೂ ನನ್ನ ಕಡೆ ತಿರುಗದೆ ನಗುತ್ತಿದ್ದರು.

ಅವರ ಕೆಲಸ ನೋಡಲು ಕೆಲಸದ ಹಾಗೆ ಕಾಣುತ್ತಿರಲಿಲ್ಲ. ಪಾಲಮ್ಮ ಉಣ್ಣೆ ಹಿಂಜುವಾಗ ಪಕ್ಕದಲ್ಲಿ ಕೂರುವರು. ಯಾವಾಗ ಮದುವೆಯಾಯಿತು, ಸಣ್ಣವಳಿದ್ದಾಗ ಯಾರಿಗೆ ಹೆದರುತ್ತಿದ್ದಿರಿ, ಮಗಳ ನೋವು ಬಂದಾಗ ಮೊದಲು ಏನು ನೆನಪಾಗುತ್ತದೆ ಎಂದು ಕೇಳುವರು. ಮನುಷ್ಯನ ಆಕಾರ ಬರೆದ ಹಾಳೆಯನ್ನು ಮುಂದಿಟ್ಟು, ಇವತ್ತು ಎಲ್ಲಿ ಎಂದು ತೋರಿಸಲು ಹೇಳುವರು. ಅದೇ ಮಾತನ್ನು ನನ್ನನ್ನು ಬೇರೆ, ನೆರೆಯವರನ್ನು ಬೇರೆ ಕೇಳುವರು. ವಾರ ಬಿಟ್ಟು ಪಾಲಮ್ಮನನ್ನೇ ಮತ್ತೆ ಕೇಳುವರು.

"ಮೊನ್ನೆ ಹೇಳಿದ್ನೇ ಕೇಳ್ತೀರಲ್ಲ ಮೇಡಮ್ಮ, ಮರ್ತ್ರಾ?"

"ಇಲ್ಲ. ನೀವು ಮರೆತಿರಾ ಅಂತ ನೋಡ್ತಿದ್ದೀನಿ."

"ಮಕ್ಕಳಿಲ್ವಾ ನಿಮಗೆ?" ಎಂದಳು ಪಾಲಮ್ಮ. ಮೇಡಂ ಇಲ್ಲವೆಂದರು. ಅವತ್ತಿನಿಂದ ಪ್ರಶ್ನೆಗಳು ಎರಡೂ ಕಡೆಯಿಂದ ಹೋಗತೊಡಗಿದವು. ಮೇಡಂ ತಾವೂ ಉಣ್ಣೆ ಹಿಂಜಲು ಕಲಿತರು.

ಹೀಗಿರುವಾಗ ಪಾಲಮ್ಮನಿಗೆ ಎರಡನೆಯ ಸಲ ಸೊಂಟ ಹಿಡಿಯಿತು. ನಾವು ಅಂಗಳ ಗುಡಿಸಿ ಚಾಪೆ ಹಾಸಿದೆವು. ಹೆಂಗಸರು ಬಂದರು. ಮೇಡಂ ಪೆನ್ಸಿಲ್ಲು ಹಿಡಿದು ಕೂತರು. ಮೊದಲು ಪಾಲಮ್ಮ ತಾನೇ ನಗುನಗುತ್ತಾ ಹೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನಗು ಹೋಯಿತು. ಸೂಲಗಿತ್ತಿ ಅವಳ ಕೂಗನ್ನು ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಎದ್ದು ನಿಂತುಬಿಟ್ಟಳು. "ಕೂಸು ಅಡ್ಡ ಐತೆ," ಎಂದಳು.

"ಅಲ್ಲಿ ಯಾರಿಗೂ ಗೊತ್ತಾಗಲ್ಲ ಕಣ್ರೇ," ಎಂದು ಪಾಲಮ್ಮ ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. "ಅವಳಿಗೆ ನೋವಿಲ್ಲ. ಅವಳು ಸುಮ್ಮನೆ ಮಲಗಿರ್ತಾಳೆ. ಇನ್ನೂ ಹೊತ್ತಾಗುತ್ತೆ ಅಂತ ಅವರು ಟೀ ಕುಡೀತಾ ಕೂತಿರ್ತಾರೆ. ಯಾರಾದ್ರೂ ಹೋಗಿ ಹೇಳ್ರಪ್ಪ. ಅಡ್ಡ ಐತೆ ಅಂತ ಹೇಳ್ರಪ್ಪ."

ಎಲ್ಲಿಗೆ ಹೋಗಿ ಹೇಳುವುದು. ಸೂಲಗಿತ್ತಿಯ ಕೈ ಗಾಳಿಯಲ್ಲಿ ಆಡುತ್ತಿತ್ತು, ಅಲ್ಲಿ ಇರಬೇಕಾದ ಹೊಟ್ಟೆಯನ್ನು ತಿರುಗಿಸುವವಳ ಹಾಗೆ. ಮೇಡಂ ಪೆನ್ಸಿಲ್ಲು ಎಲ್ಲಿ ಬಿಟ್ಟರೋ, ಪಾಲಮ್ಮನನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದರು. ಬಿಸಿಲು ಇಳಿಯುವ ಮೊದಲು ಒಂದು ದೊಡ್ಡ ಕೂಗು ಎದ್ದಿತು. ಅದು ಪೂರ್ತಿಯಾಗಲಿಲ್ಲ. ಅರ್ಧದಲ್ಲಿ ಪಾಲಮ್ಮ ಬಾಯಿ ಮುಚ್ಚಿ ನೆಟ್ಟಗೆ ಕೂತಳು. ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡಳು. ಸೊಂಟ ಮುಟ್ಟಿ ನೋಡಿಕೊಂಡಳು.

"ಏನೂ ಇಲ್ಲ," ಅಂದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊದಲಿಗೆ ಮಾತಾಡಿದವರು ಮೇಡಂ. ದೊಡ್ಡಾಸ್ಪತ್ರೆಗೆ ಒಯ್ದು ಬೆನ್ನಿಗೆ ಮತ್ತಿನ ಇಂಜೆಕ್ಷನ್ ಕೊಟ್ಟಿರಬಹುದು, ಹೊಟ್ಟೆ ಕೊಯ್ದು ಮಗು ತೆಗೆಯುವಾಗ ಹಾಗೆ ಕೊಡುತ್ತಾರೆ, ಆಗ ನೋವು ಥಟ್ಟನೆ ನಿಲ್ಲುತ್ತದೆ ಎಂದರು. ಎಲ್ಲರೂ ಆ ಮಾತನ್ನು ಹಿಡಿದುಕೊಂಡೆವು. ಆ ಮತ್ತು ಇಳಿಯಲು ಎಷ್ಟು ಹೊತ್ತು ಬೇಕು ಎಂದು ಪಾಲಮ್ಮ ಕೇಳಿದಳು. ನಾಳೆ ಬೆಳಿಗ್ಗೆಗೆ ಇಳಿದಿರುತ್ತದೆ ಎಂದರು.

ಬೆಳಿಗ್ಗೆ ಏನೂ ಬರಲಿಲ್ಲ. ಹೊಲಿಗೆಯ ನೋವು ಬರಲಿಲ್ಲ, ಹಾಲು ಕಟ್ಟಿದ ನೋವು ಬರಲಿಲ್ಲ. ಪಾಲಮ್ಮ ಕೆಲಸ ಬಿಟ್ಟು ಜಗಲಿಯಲ್ಲಿ ಕೂತು ಕಾಯತೊಡಗಿದಳು. ಮಗಳಿಗೆ ಒಳ್ಳೆಯದಾಗಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದವಳು, ಈಗ ಒಂದು ಮುಳ್ಳು ಚುಚ್ಚಲಿ, ಒಂದು ಕಿಡಿ ಸಿಡಿಯಲಿ ಎಂದು ಬೇಡಿಕೊಳ್ಳುತ್ತಿದ್ದಳು. "ಕಾಲೆಡವಿ ಬೀಳ್ಬಾರ್ದಾ ಒಂದ್ಸಲ," ಎಂದು ತನ್ನಷ್ಟಕ್ಕೆ ಅನ್ನುವಳು.

ನಾನು ಹುಡುಕಿಕೊಂಡು ಹೋದೆ. ಕೊನೆಯ ಕಾಗದ ಬಂದಿದ್ದ ಊರಿನಲ್ಲಿ ರಸ್ತೆ ಮುಗಿದು, ಕಪ್ಪಗೆ, ನುಣ್ಣಗೆ, ಕಣ್ಣಿಗೆ ಕಾಣುವಷ್ಟು ದೂರ ಮಲಗಿತ್ತು. ಟಾರು ಕಾಯಿಸಿದ ಒಲೆಯ ಬೂದಿ ಪಕ್ಕದಲ್ಲಿತ್ತು. ಗುಂಪು ಯಾವ ಕಡೆ ಹೋಯಿತು ಎಂದರೆ ಒಬ್ಬರು ಬಡಗಣಕ್ಕೆ ಎಂದರು, ಒಬ್ಬರು ತೆಂಕಣಕ್ಕೆ ಎಂದರು. ಎರಡೂ ಕಡೆ ಹೋಗಿ ಬಂದೆ.

ಊರಿನ ಹಿರಿಯರು ಮನೆಗೆ ಬಂದರು. ನೋವು ನಿಂತರೆ ಜೀವ ನಿಂತ ಹಾಗೆ, ತಾತ ಮುತ್ತಾತರ ಕಾಲದಿಂದ ಹೀಗೇ ನೋಡಿದ್ದೇವೆ, ಇನ್ನು ಕಾರ್ಯ ಮಾಡಿಬಿಡಿ ಎಂದರು. ಪಾಲಮ್ಮ ಎದ್ದು ಒಳಗೆ ಹೋದಳು. ಮೇಡಂ ನಡುವೆ ಬಾಯಿ ಹಾಕಿದರು.

"ನೀವು ನೋಡಿರೋದೆಲ್ಲ ಊರೊಳಗಿನವರನ್ನ. ಅಷ್ಟು ದೂರ ಹೋದವಳು ಇವಳೊಬ್ಬಳೇ. ದೂರ ಹೋದರೆ ಏನಾಗುತ್ತೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಬ್ಬರ ವಿಷಯ ನೋಡಿ ಎಲ್ಲರಿಗೂ ಹೇಳೋಕಾಗಲ್ಲ. ಎಲ್ಲರದ್ದು ನೋಡಿ ಈ ಒಬ್ಬಳಿಗೆ ಹೇಳೋಕೂ ಆಗಲ್ಲ."

"ಹಂಗಂದ್ರೆ ಏನ್ ಮಾಡೋದಮ್ಮ? ಹಿಂಗೇ ಕೂತಿರೋದಾ?"

ಆಗ ಸೂಲಗಿತ್ತಿ ಅಂದಳು: "ಗಾದ್ರಪ್ಪನ್ನ ಕೇಳ್ರಿ."

ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನೋವು ಹೊರುವವರು ಸತ್ತರೆ ಆ ನೋವು ತಿರುಗಿ ಅದರ ಯಜಮಾನನ ಮೈಗೇ ಬರುತ್ತದೆ. ಅಂಥವರನ್ನು ನಾವು ಒಂಟಿ ಮೈಯವರು ಅನ್ನುತ್ತೇವೆ. ಊರಲ್ಲಿ ಮೂರೋ ನಾಲ್ಕೋ ಜನ ಇದ್ದರು, ಮೆಲ್ಲಗೆ ನಡೆಯುವವರು, ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿ ಕೂರುವವರು. ಗಾದ್ರಪ್ಪನ ನೋವು ಹೊತ್ತವಳು ದುರುಗಿ. ಅವಳು ಇಲ್ಲವಾಗಿದ್ದರೆ ಅವನು ಒಂಟಿ ಮೈಯವನಾಗಿರಬೇಕು.

ಎಲ್ಲರೂ ಅವನ ಮನೆಗೆ ಹೋದೆವು. ಪಾಲಮ್ಮ ಎಲ್ಲರಿಗಿಂತ ಮುಂದೆ ಇದ್ದಳು. ಗಾದ್ರಪ್ಪ ಬಾಗಿಲಲ್ಲಿ ಕೂತು ಕತ್ತಾಳೆ ಪಟ್ಟೆಯನ್ನು ಮರದ ಕೊಡತಿಯಿಂದ ಜಜ್ಜುತ್ತಿದ್ದ. ಹಿರಿಯರು ವಿಷಯ ಹೇಳಿ ಮುಗಿಸುವ ತನಕ ಕೈ ನಿಲ್ಲಿಸಲಿಲ್ಲ. ಆಮೇಲೆ, "ಇಷ್ಟಕ್ಕೆ ಊರೇ ಬಂದ್ರಾ?" ಅಂದು, ಎಡಗೈಯನ್ನು ಕಲ್ಲಿನ ಮೇಲಿಟ್ಟು, ಕೊಡತಿ ಎತ್ತಿ ಬೆರಳಿನ ಗೆಣ್ಣುಗಳ ಮೇಲೆ ಹೊಡೆದುಕೊಂಡ. ಶಬ್ದ ನಮ್ಮೆಲ್ಲರಿಗೂ ಕೇಳಿಸಿತು. ಕೈ ಎತ್ತಿ ಬೆರಳು ಆಡಿಸಿ ತೋರಿಸಿದ.

"ನೋಡ್ರಪ್ಪ. ಏನೂ ಇಲ್ಲ. ಪಾಪ ಆ ಹುಡ್ಗಿಗೆ ಸುಮ್ಮನೆ ಹೊಡೆಸಿದ್ರಿ. ಬಂದ ಮೇಲೆ ನನ್ನನ್ನೇ ಬೈತಾಳೆ."

ಪಾಲಮ್ಮ ಅವನ ಹೊಸಿಲ ಮೇಲೆ ಕೂತು ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಹಿರಿಯರು ಮತ್ತೆ ಕಾರ್ಯದ ಮಾತೆತ್ತಲಿಲ್ಲ. ದೂರ ಹೆಚ್ಚಾದರೆ ನೋವು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ ಬರುವುದಿಲ್ಲವೇನೋ ಎಂದು ಊರಲ್ಲಿ ಒಂದು ಮಾತು ಹುಟ್ಟಿತು. ಮೇಡಂ ಅದನ್ನು ಅಲ್ಲಗಳೆಯಲಿಲ್ಲ.

ಸುಗ್ಗಿಯ ಮುಂಚೆ ಒಂದು ದಿನ ಕತ್ತಾಳೆ ನೆನೆಹಾಕಿದ್ದ ಕೆರೆಯ ಮೆಟ್ಟಿಲಲ್ಲಿ ಗಾದ್ರಪ್ಪ ಜಾರಿ ಬಿದ್ದ. ನಾನು ಓಡಿಹೋಗುವಷ್ಟರಲ್ಲಿ ಅವನು ಮೆಟ್ಟಿಲಿಗೆ ಒರಗಿ ಬೀಡಿ ಸೇದುತ್ತಿದ್ದ. ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಮೂಳೆ ಕಟ್ಟುವ ದಾಸಣ್ಣ ಬಂದು ನೋಡಿ, ಇಲ್ಲಿಂದ ಎತ್ತುವ ಮೊದಲೇ ಎಳೆದು ಕೂರಿಸಬೇಕು ಎಂದ. "ದುರುಗಿಗೆ ಹೇಳಿ ಕಳಿಸೋ ಹಂಗಿಲ್ಲ. ಎಲ್ಲೈತೋ ಏನೋ, ತಡ್ಕೊಳ್ಳಲಿ ಪಾಪ," ಎಂದು ಬಿದಿರ ದಬ್ಬೆಗಳನ್ನು ಬಿಡಿಸಿದ. ನನ್ನನ್ನು ಗಾದ್ರಪ್ಪನ ಹಿಂದೆ ಕೂರಿಸಿ, ತೋಳಿನ ಕೆಳಗಿನಿಂದ ಬಿಗಿಯಾಗಿ ಹಿಡಿದುಕೋ ಎಂದ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಪಾಲಮ್ಮ ಬಂದಳು. ಅವನ ಎದುರಿಗೆ, ಒಂದು ಮೆಟ್ಟಿಲು ಕೆಳಗೆ ಕೂತಳು. ಕಾಲಿನ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಾ, "ಹೂಂ, ಎಳೀರಿ," ಅಂದಳು. ಮೇಡಂ ಅವಳ ಹಿಂದೆ ಬಂದು ನಿಂತರು.

ಗಾದ್ರಪ್ಪ ಬೀಡಿ ಎಸೆದ. "ಏ ದಾಸ, ನಿನ್ನ ಮದುವೇಲಿ ಬಾಸಿಂಗ ಸೊಟ್ಟ ಕಟ್ಟಿಸ್ಕೊಂಡಿದ್ದೆ. ಇದನ್ನಾದ್ರೂ ನೆಟ್ಟಗೆ ಕಟ್ಟು," ಎಂದ.

ದಾಸಣ್ಣ ನಗುತ್ತಲೇ ಹಿಮ್ಮಡಿ ಹಿಡಿದು ಎಳೆದ. ನನ್ನ ಎದೆಗೆ ಒರಗಿದ್ದ ಬೆನ್ನು ಮರದ ಹಲಗೆಯಾಯಿತು. ಅವನ ಎದೆಯ ಬಡಿತ ನನ್ನ ತೋಳಿಗೆ ಗುದ್ದಿದ ಹಾಗೆ ತಾಕುತ್ತಿತ್ತು. ಅಂಗಿಯಲ್ಲಿ ಬೆವರು ಒಡೆದು ನನ್ನ ಅಂಗಿಗೂ ಇಳಿಯಿತು.

"ಬಾಸಿಂಗ ಅಷ್ಟೇ ಅಲ್ಲ," ಎಂದ ಗಾದ್ರಪ್ಪ. ಸ್ವಲ್ಪ ಹೊತ್ತು 'ಅಲ್ಲ' ಎಂಬ ಮಾತಿನ ಮೇಲೆಯೇ ನಿಂತ. "ಅಲ್ಲ ಕಣ್ರಪ್ಪ, ಇವ್ನು ತಾಳಿ ಕಟ್ಟೋವಾಗ ಪಕ್ಕದಾಗೆ ಕೂತಿದ್ದ ನಾದಿನಿ ಕಡೆ ತಿರುಗಿದ್ದ. ಐನೋರೇ ಹಿಡಿದು ಈ ಕಡೆ ತಿರುಗ್ಸಿದ್ರು."

ಜನ ನಕ್ಕರು. ದಾಸಣ್ಣ ಇನ್ನೊಂದು ಸಲ ಎಳೆದ. ಒಳಗೆ ಮೂಳೆ ಕೂತ ಸದ್ದು ಬಂತು. ಗಾದ್ರಪ್ಪ ಪಾಲಮ್ಮನನ್ನು ನೋಡಿ, "ಆಯ್ತೇನಮ್ಮ? ಹಿಂಗ್ ನೋಡ್ತೀಯಲ್ಲ, ನನ್ನ ಮುಖದಾಗೆ ಮಸಿ ಐತಾ?" ಎಂದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅವ್ಳು ಅವ್ಳೆ ಕಣ್ರೇ," ಎಂದು ಸುತ್ತಲಿನ ಹೆಂಗಸರಿಗೆ ಹೇಳಿದಳು. "ಇದ್ದಾಳೆ."

ನಾನು ಕಂಬಳಿ ಹೊದಿಸುವ ನೆಪದಲ್ಲಿ ಅವನ ಕತ್ತಿನ ಬೆವರನ್ನು ಒರೆಸಿದೆ. ತಲೆ ಎತ್ತಿದಾಗ ಮೇಡಂ ನನ್ನನ್ನೇ ನೋಡುತ್ತಿದ್ದರು.

ಸಂಜೆ ಕುಂಬಾರರ ಬೀದಿಯ ಸಾಕಮ್ಮ ನಮ್ಮ ಬಾಗಿಲಿಗೆ ಬಂದು ಜಗಳ ತೆಗೆದಳು. "ಮಧ್ಯಾಹ್ನ ಮುಂಗೈಗೆ ಏನ್ ಮಾಡ್ಕೊಂಡ್ಯೋ, ಓಬಣ್ಣ? ಮಡಕೆ ತಟ್ಟೋವಾಗ ಕೈ ಬಿಟ್ಟು ಮೂರು ಒಡೆದ್ವು." ಆಗಲೇ ನಾನು ಕೈ ನೋಡಿಕೊಂಡದ್ದು. ಬಲಗೈ ಮುಂಗೈಯಲ್ಲಿ ನಾಲ್ಕು ಉಗುರಿನ ಗಾಯ, ರಕ್ತ ಹೆಪ್ಪುಗಟ್ಟಿತ್ತು. ಬೆಕ್ಕು ಪರಚಿತು ಎಂದೆ.

ಗಾದ್ರಪ್ಪನ ಮನೆಯಲ್ಲಿ ಅವನೊಬ್ಬನೇ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೈಯನ್ನು ಅವನ ಮುಂದೆ ಹಿಡಿದೆ. ನೋಡಿ ಕಣ್ಣು ಮುಚ್ಚಿಕೊಂಡ.

"ಯಾವತ್ತಿಂದ, ಚಿಕ್ಕಪ್ಪ?"

"ಆವತ್ತಿಂದ್ಲೇ. ಹಗ್ಗ ಹೊಸೀತಿದ್ದೆ, ಹೊತ್ತು ಇಳೀತಾ ಇತ್ತು. ಅಂಗೈ ಉರೀತು. ನಾನು ಹೊರೋದು ನಮ್ಮ ಐನೋರ ನೋವು. ಅವರೇ ಆರತಿ ತಟ್ಟೆ ಹಿಡ್ಕೊಂಡಿರ್ಬೇಕು ಅಂದ್ಕೊಂಡೆ. ಹಗ್ಗ ಬಿಟ್ಟೆ, ಉರಿ ನಿಂತೋಯ್ತು. ಹಿಡ್ಕೊಂಡೆ, ಬಂತು." ಕಣ್ಣು ತೆರೆಯದೆ, "ಬಿಟ್ಟು ಬಿಟ್ಟು ಹಿಡಿದು ನೋಡ್ದೆ ಕಣೋ. ಎಷ್ಟೋ ಸಲ," ಎಂದ.

ನಾನು ಅವನ ಪಕ್ಕದಲ್ಲಿ ಕೂತೆ. ಅಲ್ಲಿಯವರೆಗೂ ನನ್ನ ಮಗಳು ಎಲ್ಲೋ ಒಂದು ರಸ್ತೆಯ ಪಕ್ಕದ ಗುಡಾರದಲ್ಲಿದ್ದಳು. ಅವನ ಮಾತು ಮುಗಿದಾಗ ಇರಲಿಲ್ಲ. ಅವನು ನನ್ನ ಕೈಯನ್ನು ತೆಗೆದುಕೊಂಡು ಆ ಗಾಯದ ಮೇಲೆ ಬೆರಳಾಡಿಸುತ್ತಿದ್ದ. ಕೊಡತಿಯಲ್ಲಿ ಹೊಡೆದುಕೊಂಡಿದ್ದ ಅವನ ಎಡಗೈಯ ಗೆಣ್ಣುಗಳು ಸೊಟ್ಟಗೆ ಕೂಡಿಕೊಂಡಿದ್ದವು.

"ಪಾಲವ್ವಂಗೆ ಹೇಳ್ಬೇಡ," ಎಂದ. "ನನ್ನ ಕೈಲಿ ಆಗೋಷ್ಟು ದಿನ ಆಗ್ಲಿ."

ಮೇಡಂ ಮಾರನೆಯ ದಿನ ಹೊರಟರು. ಬಸ್ಸು ಬರುವ ಆಲದ ಮರದವರೆಗೆ ಅವರ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಬಸ್ಸಿನ ಧೂಳು ದೂರದಲ್ಲಿ ಕಂಡಾಗ ಅವರು ಅಂದರು:

"ಅಷ್ಟು ತಿಂಗಳು ಒಬ್ಬರನ್ನೇ ನೋಡ್ತಾ ಕೂತೆ. ಆ ತುದಿಯಲ್ಲಿ ಇನ್ನೊಬ್ಬರು ಇದ್ದಾರೆ ಅಂತ ನನಗೆ ಹೊಳೀಲೇ ಇಲ್ಲ. ಈಗ ಗಾದ್ರಪ್ಪನವರಿಗೆ ಒಂದು ಪ್ರಶ್ನೆ ಕೇಳಿದ್ರೆ ನನ್ನ ಕೆಲಸ ಪೂರ್ತಿ ಆಗುತ್ತೆ."

"ಕೇಳ್ಬೇಕಿತ್ತು ಮೇಡಮ್ಮ."

"ಕೇಳಿದ್ರೆ ಅವರು ಸುಳ್ಳು ಹೇಳ್ತಾರೆ. ಅದನ್ನ ನಿಜ ಅಂತ ಬರೀಬೇಕು, ಇಲ್ಲಾ ಸುಳ್ಳು ಅಂತ ಬರೀಬೇಕು." ಕನ್ನಡಕ ತೆಗೆದು ಒರೆಸಿದರು. "ನೋವು ನಿಂತಿತು, ವಾಸಿಯಾಯಿತು ಅಂತ ಬರೆದ್ರೆ ನಮ್ಮ ಕಾಲೇಜಿನವರಿಗೆ ಖುಷಿ. ಅದನ್ನ ಮಾತ್ರ ಬರೆಯಲ್ಲ. ಅಪೂರ್ಣ ಅಂತ ಬಿಡ್ತೀನಿ."

"ಒಪ್ತಾರಾ?"

"ಇಲ್ಲ," ಎಂದು ಬಸ್ಸು ಹತ್ತಿದರು.

ಗಾದ್ರಪ್ಪನ ಆರೈಕೆಯನ್ನು ಪಾಲಮ್ಮನೇ ವಹಿಸಿಕೊಂಡಳು. ಬೇರೆ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ಸಂಜೆ ಕಾಲಿಗೆ ಉಪ್ಪಿನ ಶಾಖ. ಮಡಕೆಯ ಓಡಿನಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಗೆಯಾಡುತ್ತಿರುವಾಗಲೇ ದಬ್ಬೆಯ ಮೇಲೂ ಕೆಳಗೂ ಒತ್ತುವುದು. ನಮ್ಮೂರಲ್ಲಿ ಶಾಖದ ಗಂಟನ್ನು ಯಾರೂ ಆರಲು ಬಿಡುವುದಿಲ್ಲ. ಬಿಸಿ ಇದ್ದಷ್ಟೂ ಒಳ್ಳೆಯದು ಅನ್ನುತ್ತಾರೆ. ಮಲಗಿದವರಿಗೆ ಅದು ತಿಳಿಯುವುದೂ ಇಲ್ಲ. ಪಾಲಮ್ಮ ಗಂಟನ್ನು ಒತ್ತಿ ಹಿಡಿದು ಅವನ ಮುಖ ನೋಡುತ್ತಿದ್ದಳು. ಅವನು ಏನಾದರೊಂದು ಹೇಳಿ ನಗಿಸುತ್ತಿದ್ದ. ಅವಳು ನಗುತ್ತಾ ಮನೆಗೆ ಬಂದು, "ಇವತ್ತೂ ಏನಿಲ್ಲ," ಎಂದು ನನಗೆ ಹೇಳಿ ಒಲೆ ಹಚ್ಚುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಆ ಮಾತಿನ ಮೇಲೆ ಅವಳು ಉಂಡು ಮಲಗುತ್ತಿದ್ದಳು. ಅವನು ಹೇಗೆ ಮಲಗುತ್ತಿದ್ದ ಎಂದು ನಾನು ನೋಡಲು ಹೋಗಲಿಲ್ಲ.

ದಬ್ಬೆ ಬಿಚ್ಚುವುದಕ್ಕೆ ಒಂದು ವಾರ ಮೊದಲು ಇರಬೇಕು. ಹೊಸ ಕಂಬಳಿಯನ್ನು ಅವನಿಗೆ ಕೊಡಲೆಂದು ನಾನೂ ಪಾಲಮ್ಮನ ಜೊತೆ ಹೋಗಿದ್ದೆ. ಅವಳು ಒಲೆಯ ಮುಂದೆ ಉಪ್ಪು ಹುರಿದು ಗಂಟು ಕಟ್ಟಿ ತಂದು, ಅವನ ಕಾಲ ಬಳಿ ಕೂತಳು. ಗಾದ್ರಪ್ಪ ಸೂರಿನ ಕಡೆ ನೋಡುತ್ತಾ ರಾಚಯ್ಯನ ಗಿರಣಿಯ ಕತ್ತೆಯ ಕಥೆ ಶುರುಮಾಡಿದ್ದ. ಪಾಲಮ್ಮ ಗಂಟನ್ನು ಮುಂದೆ ಚಾಚಿದಳು. ಅದಿನ್ನೂ ಒಂದು ಗೇಣು ದೂರದಲ್ಲಿತ್ತು. ಅವನ ಕಾಲಿನ ಬೆರಳುಗಳು ಐದೂ ಒಳಗೆ ಮಡಚಿಕೊಂಡವು.

ಕಥೆ ಹೇಳುತ್ತಿದ್ದ ಬಾಯಿಗೆ ಅದು ಗೊತ್ತಿರಲಿಲ್ಲ. ಬಾಯಿ ಕಥೆ ಹೇಳುತ್ತಲೇ ಇತ್ತು.

ಪಾಲಮ್ಮನ ಕೈ ಅಲ್ಲೇ ನಿಂತಿತು. ಅವಳು ಆ ಬೆರಳುಗಳನ್ನು ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ಒಲೆಯಲ್ಲಿ ಕೊಳ್ಳಿಯೊಂದು ಜಾರಿ ಬಿತ್ತು. ಗಾದ್ರಪ್ಪ ಮಾತು ನಿಲ್ಲಿಸಿ ಸೂರಿನಿಂದ ಕಣ್ಣಿಳಿಸಿದ. ಕಾಲಿನ ಕಡೆ ನೋಡಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ.

"ಇಡಮ್ಮ," ಎಂದ. "ಬಿಸಿ ಇರೋವಾಗ್ಲೇ ಇಡು."

ಪಾಲಮ್ಮ ಗಂಟನ್ನು ಹಿಂದಕ್ಕೆ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅದರ ಮೇಲೆ ಎರಡೂ ಕೈ ಇಟ್ಟು ತಲೆ ತಗ್ಗಿಸಿದಳು. ಬಟ್ಟೆಯಿಂದ ಆವಿ ಅವಳ ಬೆರಳುಗಳ ನಡುವೆ ಏಳುತ್ತಿತ್ತು.

"ಇರ್ಲಿ ಮಾವ," ಅಂದಳು. "ಆರ್ಲಿ."